ಕಡಲೆಕಾಳಿನಷ್ಟು ದೊರೆ

ಐಸಿರಿಯ ಮೈಗೆ ಶಾಲು ಹೊದಿಸಿದ್ದೇ ತಡ, ಎದುರಿನ ಬಿಳಿ ಗೋಡೆಯ ಮೇಲೆ ಅವಳ ಒಳಗಿನ ಊರಿಗೆ ಊರೇ ದೀಪ ಹಚ್ಚಿಕೊಂಡು ಎದ್ದಿತು.

ಮೊದಲು ಗಂಟಲಲ್ಲೊಂದು ಚಿಟ್ಟೆ ಹಳದಿ ರೆಕ್ಕೆ ಬಿಚ್ಚಿತು. ಅದು ಥೈರಾಯ್ಡ್; ಮೈಯೆಂಬ ಒಲೆ ಎಷ್ಟು ಉರಿಯಬೇಕೆಂದು ಹೇಳುವುದು ಅದೇ. ಹೊಟ್ಟೆಯ ಹಿಂದೆ ಮೇದೋಜೀರಕ ಮಾವಿನೆಲೆಯ ಹಾಗೆ ಹಸಿರಾಗಿ ಮಲಗಿತ್ತು. ಎರಡು ಮೂತ್ರಪಿಂಡಗಳ ನೆತ್ತಿಗೂ ಟೋಪಿ ತೊಡಿಸಿದಂತೆ ಕೂತ ಅಡ್ರಿನಲ್ ಗ್ರಂಥಿಗಳು ಕೆಂಡದ ಬಣ್ಣದಲ್ಲಿ ಮಿಣುಕುತ್ತಿದ್ದವು. ಎಲ್ಲಕ್ಕೂ ಮೇಲೆ, ಮೆದುಳಿನ ಅಡಿಯಲ್ಲಿ, ಕಡಲೆಕಾಳಿನಷ್ಟೇ ದೊಡ್ಡದಾದ ಪಿಟ್ಯುಟರಿ. ಗಾತ್ರಕ್ಕೆ ಕಾಳು, ಅಧಿಕಾರಕ್ಕೆ ದೊರೆ.

"ಅಯ್ಯ ಶಿವನ! ಇದೆಲ್ಲಾ ನಮ್ಮ ಹುಡುಗಿ ಒಳಗ ಐತೇನು?" ಎಂದು ಐಸಿರಿಯ ಸೋದರತ್ತೆ ಶೋಭಾ ಬಾಯಿಗೆ ಸೆರಗು ಹಚ್ಚಿದಳು.

"ನಿಮ್ಮೊಳಗೂ ಐತ್ರಿ," ಎಂದಳು ಆರೋಹಿ.

"ನನ್ನೊಳಗ ಬರೇ ಗ್ಯಾಸ್ ಐತಿ, ತಗೋರಿ."

ಡಾಕ್ಟರ್ ಆರೋಹಿ ಕಟಗೇರಿ ನಕ್ಕಳು. ಒಂಬತ್ತು ವರ್ಷ ಕೂದಲೆಳೆಯಂಥ ಸಂವೇದಕಗಳನ್ನು ನೂಲಿನೊಳಗೆ ನೇಯ್ದು ಅವಳು ಕಟ್ಟಿದ ರಸದರ್ಪಣ ಆ ಶಾಲು. ಪ್ರಯೋಗಶಾಲೆ ಬಿಟ್ಟು ಒಂದು ಮನೆಯ ಹೊಸ್ತಿಲು ದಾಟಿದ್ದು ಇದೇ ಮೊದಲು, 2061ರ ಏಪ್ರಿಲ್‌ನಲ್ಲಿ, ಜಮಖಂಡಿಯ ಈ ಬಾಣಂತಿ ಕೋಣೆಗೆ. ಈ ಗ್ರಂಥಿಗಳು ಕೊಳವೆಯಿಲ್ಲದೆ ತಮ್ಮ ರಸವನ್ನು, ಅಂದರೆ ಹಾರ್ಮೋನನ್ನು, ನೇರ ರಕ್ತಕ್ಕೇ ಬಿಡುತ್ತವೆ. ಅದು ಡಂಗುರ ಸಾರಿದ ಹಾಗೆ: ಸುದ್ದಿ ಓಣಿ ಓಣಿಗೂ ಹೋಗುತ್ತದೆ, ಆದರೆ ಯಾರಿಗೆ ಸಂಬಂಧವೋ ಆ ಮನೆಯವರು ಮಾತ್ರ ಕದ ತೆಗೆಯುತ್ತಾರೆ. ಆ ಡಂಗುರವನ್ನೇ ಶಾಲು ಬೆಳಕು ಮಾಡಿ ತೋರಿಸುತ್ತಿತ್ತು.

ಆದರೆ ಈ ಮನೆಗೆ ಬೇಕಾಗಿದ್ದು ಬೆಳಕಲ್ಲ, ಹಾಲು.

ಐಸಿರಿಯ ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು. ಬಾಟಲಿ ಹಾಲು ಒಂದು ಗುಟುಕೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಾಳೆ ತೂಗಿದಾಗ ಇನ್ನೂ ಇಳಿದಿದ್ದರೆ ತಿರುಗಿ ಹುಬ್ಬಳ್ಳಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಅದರ ವಾಸ. ಇತ್ತ ತಾಯಿಯ ಎದೆ ಕಲ್ಲಾಗಿ ಬಿಗಿದಿತ್ತು, ಹನಿ ಮಾತ್ರ ಇಳಿಯುತ್ತಿರಲಿಲ್ಲ.

ಆರೋಹಿ ಗೋಡೆಯ ಹತ್ತಿರ ಹೋಗಿ ನೋಡಿದಳು. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಬೆಳ್ಳಗೆ, ಧಾರಾಳವಾಗಿ ಹರಿಯುತ್ತಿತ್ತು. ಆ ಹಾಲನ್ನು ಹಿಂಡಿ ಕೆಳಗಿಳಿಸುವ ಆಕ್ಸಿಟೋಸಿನ್ ಪಿಟ್ಯುಟರಿಯ ಹಿಂಬದಿಯಿಂದ ನೀಲಿಯಾಗಿ ಹೊರಡಬೇಕಿತ್ತು. ಅಲ್ಲಿ ಕತ್ತಲು.

"ಅಡಗಿ ಆಗೇತ್ರಿ," ಎಂದಳು. "ಬಡಸೋರಿಲ್ಲ."

"ಹಂಗಾರ ಬಡಸ್ರಲ್ಲಾ!" ಎಂದಳು ಐಸಿರಿಯ ತಾಯಿ ರೂಪಾ. "ಆ ಶಾಲಿನ ಅಂಚಿನ ತಿರುಪು ತಿರುವಿದ್ರ ಗ್ರಂಥಿ ಹೇಳಿದ್ದ ಕೇಳತೈತಿ ಅಂದಿದ್ರಿ."

ಕೇಳುತ್ತಿತ್ತು, ನಿಜ. ಆಡುಗಳಲ್ಲಿ ಕೇಳಿತ್ತು. ಮನುಷ್ಯರ ಮೇಲೆ ಒಮ್ಮೆ ಪ್ರಯೋಗಿಸಲು ಅಪ್ಪಣೆಯೂ ಸಿಕ್ಕಿತ್ತು. ಆರೋಹಿಯ ಬೆರಳು ತುರಿಸಿತು. ಒಂದು ಸುತ್ತು ಸಾಕು, ನಾಳೆ ಅವಳ ಹೆಸರು ಲೋಕಕ್ಕೆಲ್ಲ. ಆದರೆ ಆಜ್ಞೆಗೆ ಒಗ್ಗಿಹೋದ ಎರಡು ಆಡುಗಳು ಆಮೇಲೆ ಮರಿ ಎಷ್ಟು ಅರಚಿದರೂ ತಾವಾಗಿ ಹಾಲಿಳಿಸಿರಲಿಲ್ಲ. ದೊರೆ ಆಳುವುದನ್ನೇ ಮರೆತಿದ್ದ.

ಬೆರಳು ಹಿಂದೆಗೆದು ಅವಳು ಐಸಿರಿಯ ಮುಖ ನೋಡಿದಳು. ತಲೆಗೆ ಬಿಗಿದ ಬಟ್ಟೆ. ಬಟ್ಟೆಯ ಒಳಗೆ, ಎರಡೂ ಕಿವಿಗೆ ತುರುಕಿದ ಹತ್ತಿ. ಪಡಸಾಲೆಯ ತೊಟ್ಟಿಲಲ್ಲಿ ಕೂಸು ಸಣ್ಣಗೆ ಅಳುತ್ತಿತ್ತು.

"ಆ ಕಿವ್ಯಾನ ಅರಳಿ ತಗೀರಿ!" ಆರೋಹಿ ಹೆಚ್ಚುಕಡಿಮೆ ಕೂಗಿಯೇಬಿಟ್ಟಳು. "ಕೂಸಿನ ಅಳು ಕಿವಿಗೆ ಬಿದ್ರ ಸಾಕು, ಎಷ್ಟೋ ತಾಯಂದಿರಿಗೆ ಆ ನೀಲಿ ತಾನಾಗೇ ಹೊಂಡತೈತಿ!"

"ಥಂಡಿ ಹೊಕ್ಕೀತ್ರಿ," ಎಂದಳು ರೂಪಾ.

"ಹೊರಗ ನಲವತ್ಮೂರು ಡಿಗ್ರಿ ಐತಿ!"

"ಥಂಡಿ ಥರ್ಮಾಮೀಟರ್ ಕೇಳಿ ಬರತೈತೇನು?" ಎಂದು ಶೋಭಾ ಗೊಣಗಿದಳು. ಆದರೂ ಹತ್ತಿ ಹೊರಬಂತು. ಕೂಸು ತಾಯಿಯ ತೊಡೆಗೆ ಬಂತು. ಅಳು ಕೇಳಿದ ಕ್ಷಣವೇ ಕಾಳಿನ ಹಿಂಬದಿಯಲ್ಲಿ ನೀಲಿ ಕಿಡಿಯೊಂದು ಮಿಂಚಿತು.

"ಬಂತೇನವಾ?" ರೂಪಾ ಬಾಗಿದಳು.

"ಬಂತೇನ?" ಶೋಭಾ ಇನ್ನೂ ಬಾಗಿದಳು.

ಭುಗ್ಗೆಂದು ಮೂತ್ರಪಿಂಡಗಳ ನೆತ್ತಿಯ ಎರಡೂ ಕೆಂಡ ಹತ್ತಿಕೊಂಡವು. ನೀಲಿ ಆರಿತು.

ಮತ್ತೊಮ್ಮೆ ಅಳು, ಮತ್ತೆ ನೀಲಿ. ಮತ್ತೆ "ಬಂತೇನವಾ?", ಮತ್ತೆ ಬೆಂಕಿ. ಆರೋಹಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಒಂದು ಮಾತು ಕಿವಿಯಿಂದ ಹೊಕ್ಕು ಗ್ರಂಥಿಗೆ ಮುಟ್ಟುವುದನ್ನು ಅವಳು ಕಣ್ಣಾರೆ ಕಾಣುತ್ತಿದ್ದಳು! ಅಡ್ರಿನಲ್ಲಿಗೆ ಗೊತ್ತಿರುವುದು ಒಂದೇ ಪಾಠ: ಅಪಾಯ ಬಂದಿದೆ, ಓಡು, ಇಲ್ಲವೇ ಕಾದಾಡು. ಓಡುವವಳು ಕೂತು ಹಾಲೂಡುತ್ತಾಳೆಯೇ? ಆ ಹತ್ತಿ ಕೂಸಿನ ಅಳುವನ್ನು ತಡೆದಿತ್ತು, ನಿಜ. ಅದರ ಜೊತೆಗೆ ಈ 'ಬಂತೇನವಾ' ಪ್ರಶ್ನೆಯನ್ನೂ ಅಷ್ಟಿಷ್ಟು ತಡೆದಿತ್ತು.

"ಎಲ್ಲಾರೂ ಹೊರಗ ನಡೀರಿ."

"ನೀವ್ರಿ?"

"ನಾನೂ."

ಕದ ಓರೆ ಮಾಡಿ ಮೂವರೂ ಪಡಸಾಲೆಯಲ್ಲಿ ನಿಂತರು. ಸಂದಿನಿಂದ ಗೋಡೆ ಮಾತ್ರ ಕಾಣುತ್ತಿತ್ತು. ಕೆಂಡ ನಿಧಾನವಾಗಿ ಬೂದಿಯಾಯಿತು. ಕೂಸು ಚೀರಿತು. ಐಸಿರಿ ಅದಕ್ಕೆ ಏನೋ ಹೇಳಿದಳು, ಬರೀ ಅದಕ್ಕೆ ಕೇಳುವಷ್ಟು ಮೆಲ್ಲಗೆ. ನೀಲಿ ಮೂಡಿತು, ಆರಲಿಲ್ಲ. ಒಂದು ಅಲೆ, ಅದರ ಬೆನ್ನಿಗೆ ಇನ್ನೊಂದು. ಇಳಿದು ಇಳಿದು ಎದೆಯ ತುಂಬ ಹಬ್ಬಿತು.

"ಅವ್ವಾ, ಕುಬಸಾ ಎಲ್ಲಾ ತೊಯ್ತು!"

ಶೋಭಾ ಕುಣಿದೇಬಿಟ್ಟಳು. ಆರೋಹಿ ಅಳುತ್ತ ನಗುತ್ತಿದ್ದಳು. ರೂಪಾ ಮಾತ್ರ ಹೊಸ್ತಿಲಲ್ಲೇ ನಿಂತಿದ್ದಳು.

"ನಾ ಪ್ರೀತೀಲೇ ಕೇಳಿದ್ನೆಲ್ರಿ, ಡಾಕ್ಟರಬಾಯಿ?"

"ಪ್ರೀತೀಲೇ ಕೇಳಿದ್ರಿ. ಗ್ರಂಥಿಗೆ ಅದು ಗೊತ್ತಾಗಲಿಲ್ಲ."

ಶೋಭಾಳ ಕುಣಿತ ನಿಂತಿತು. "ನನ್ನ ಮಗ ಉಣ್ಣಾಕ ಕುಂತ್ರ ಸಾಕು," ಎಂದಳು ಮೆಲ್ಲಗೆ, "ದಿನಾ ಕೇಳತೀನಿ, 'ನೌಕರಿ ಏನಾತಲೇ' ಅಂತ. ತಾಟು ಬಿಟ್ಟು ಏಳತಾನ. ಸೊಕ್ಕು ಅನಕೊಂಡಿದ್ದೆ."

ಒಳಗೆ ಕೂಸು ಗುಟುಕರಿಸುವ ಸದ್ದು ಕೇಳುತ್ತಿತ್ತು.

ಇದನ್ನು ಓದುತ್ತಿರುವ ನಮಗೆ ರಸದರ್ಪಣ ಸಿಗಲು ಇನ್ನೂ ಕೆಲವು ದಶಕ ಬೇಕು. ಕೆಂಡಗಳು ಮಾತ್ರ ಈಗಲೇ ಇವೆ, ನಮ್ಮೆದುರು ತಾಟಿನ ಮುಂದೆ ಕೂತವರ ಅಂಗಿಯೊಳಗೆ.