ಹತ್ತು ಸಾಲು, ಒಂದು ಕೋಲು

ನಲವತ್ತು ಟನ್ನಿನ ಪ್ರೆಸ್ಸು ಮೇಲಿಂದ ಇಳೀತು... ನನ್ನ ಕೈ ಕೆಳಗಿತ್ತು!

ಎಳ್ಕೊಂಡೆ. ಚಿರತೆ ಕೂಡ ಅಷ್ಟು ಬೇಗ ಕಾಲು ಎಳ್ಕೊಳ್ಳಲ್ಲ.

ಕೈ ಬಂತು. ಕೈಯಲ್ಲಿದ್ದ ಸೌತೆಕಾಯಿ ಬರಲಿಲ್ಲ. ಅದು ಕೋಸಂಬರಿ ಆಗಿಹೋಯ್ತು.

"ಏನಪ್ಪಾ ವೆಂಕಟೇಶ್, ಮೆಷಿನ್ ಹತ್ರ ಏನಿದು ಆಟ?" ಅಂದ್ರು ನಂಜುಂಡಪ್ಪ. ಹೇರೋಹಳ್ಳಿಯಲ್ಲಿ ಜಮೀನಿದ್ದವರು. ಈಗ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ತಗಡು ಒತ್ತೋ ಶೆಡ್ಡಿನ ಓನರ್.

"ಟೆಸ್ಟ್ ಸಾರ್. ಈ ಬೆಳಕಿನ ಕಣ್ಣಿಗೆ ಏನಾದ್ರೂ ಅಡ್ಡ ಬಂದ್ರೆ ಪ್ರೆಸ್ಸು ನಿಲ್ಲಬೇಕು. ನಾಲ್ಕು ಸಲ ನಿಂತಿತು. ಐದನೇ ಸಲ... ನೋಡಿದ್ರಲ್ಲ! ಬೆರಳಾಗಿದ್ರೆ?"

ಆಗ 2006. ಪಶ್ಚಿಮ ಬೆಂಗಳೂರಲ್ಲಿ ಹಾಳಾದ ಪ್ರೋಗ್ರಾಂ ಹಿಡಿಯೋಕೆ ಇದ್ದದ್ದು ಒಬ್ಬನೇ ಗಂಡು. ಅವನ ಹೆಸರು ಈಗಷ್ಟೇ ಕೇಳಿದ್ರಿ. ಹೋದ ದಸರೆಗೆ ಇದೇ ಪ್ರೆಸ್ಸು ಮೊಂಡು ಹಿಡಿದು ಕೂತಾಗ ಹತ್ತು ನಿಮಿಷದಲ್ಲಿ ಎಬ್ಬಿಸಿದ್ದೆ. ಹತ್ತೇ ನಿಮಿಷ!

"ನಾನು ಬೆಳಿಗ್ಗೇನೇ ಹೇಳ್ದೆ ಸಾರ್," ಅಂದ್ಲು ವಿಜಯಶ್ರೀ. ಶೆಡ್ಡಿನ ಕಂಪ್ಯೂಟರ್ ನೋಡ್ಕೊಳ್ಳೋ ಹುಡುಗಿ. ಪ್ರೋಗ್ರಾಂ ಜೋಡಿಸೋ, ಪರೀಕ್ಷೆ ಮಾಡೋ ಓಪನ್ ಸೋರ್ಸ್ ಟೂಲುಗಳನ್ನ ಮೂರು ದಿನದಿಂದ ಅಕ್ಕಪಕ್ಕ ಇಟ್ಟು ತೂಗ್ತಾ ಇದ್ಲು. "ಟೂಲ್ ಯಾಕೆ, ನನ್ನ ಕಣ್ಣಿಲ್ವಾ ಅಂದ್ರಿ."

"ಕರ್ಕೊಂಡ್ ಬಾ ಸಾಕ್ಷಿಗಳನ್ನ!" ಗುಡುಗಿದೆ. ಶೆಡ್ಡಿನ ಶೀಟು ನಡುಗಿತು.

ಮೊದಲನೆಯವನು ಸ್ಪ್ಲಿಂಟ್ ಅನ್ನೋ ಟೂಲು. ಪ್ರೋಗ್ರಾಂ ಓಡಿಸೋದೇ ಇಲ್ಲ. ಕೂತಲ್ಲೇ ಓದಿ ತಪ್ಪು ಎತ್ತಿ ಆಡ್ತಾನೆ, ಮನೆ ಓನರ್ ಆಂಟಿ ಥರ. ನಾನೂರು ದೂರು!

"ಆ ನಾನೂರರಲ್ಲಿ ಇದಿಲ್ಲ ಸಾರ್. ಒಂದು ಕಡೆ ಯಾರೋ ಅವನಿಗೆ ಬಾಯಿ ಮುಚ್ಚು ಅಂತ ಬರೆದಿದಾರೆ."

"ಯಾರವನು?"

"ಹುಡುಕ್ತೀನಿ."

ಎರಡನೆಯವನು ಸ್ವಿಗ್. ದುಭಾಷಿ. ಮೆಷಿನ್ ಕುಣಿಸೋದು ಸಿ ಭಾಷೆ, ನಿಲ್ಲಿಸೋ ಆರ್ಡರ್ ಇರೋದು ಪೈಥಾನ್ ಭಾಷೇಲಿ. ಇಬ್ಬರ ಮಾತು ದಾಟಿಸೋನು ಇವನು.

"ಪಾಪದವನು ಸಾರ್, ಹೇಳಿದ್ದಷ್ಟೇ ದಾಟಿಸ್ತಾನೆ. ಆದ್ರೆ ಸ್ಟಾಪ್ ಆರ್ಡರಿನ ಹತ್ತು ಸಾಲು ಇವನದಲ್ಲ. ಯಾರೋ ಕೈಯಾರೆ ಬರೆದು ತುರುಕಿದಾರೆ. ಬಾಯಿ ಮುಚ್ಚಿಸಿರೋದೂ ಅಲ್ಲೇ."

ಮೂರನೆಯವನು ವಾಲ್‌ಗ್ರಿಂಡ್. ಪ್ರೋಗ್ರಾಂ ಓಡೋವಾಗ ಹಿಂದೆ ಬೀಳ್ತಾನೆ. ಅವನು ಬೆನ್ನು ಹತ್ತಿದ್ರೆ ಪ್ರೋಗ್ರಾಂ ಸಂಜೆ ಆರರ ಮೆಜೆಸ್ಟಿಕ್ ಬಸ್ಸಿನ ಥರ ತೆವಳುತ್ತೆ. ಆದ್ರೆ ಕಳ್ಳನನ್ನ ಹಿಡಿದವನು ಅವನೇ.

"ಆ ಹತ್ತು ಸಾಲಲ್ಲಿ ಪೈಥಾನು ಸ್ಟಾಪ್ ಆರ್ಡರಿನ ವಿಳಾಸ ಸಿ ಕೈಗೆ ಕೊಡುತ್ತೆ ಸಾರ್. ಸ್ವಲ್ಪ ಹೊತ್ತಾದ್ಮೇಲೆ ಇನ್ಯಾರಿಗೂ ಬೇಡ ಅಂದ್ಕೊಂಡು ಆ ಮನೇನೇ ಖಾಲಿ ಮಾಡ್ಸುತ್ತೆ. ಸಿ ಮಾತ್ರ ಹಳೇ ವಿಳಾಸಕ್ಕೇ ಕಾಗದ ಹಾಕ್ತಾ ಇರುತ್ತೆ, ನಿಲ್ಲಿಸಿ, ನಿಲ್ಲಿಸಿ ಅಂತ. ಅಲ್ಲಿ ಯಾರೂ ಇಲ್ಲ!"

ನಂಜುಂಡಪ್ಪ ಗಡಿಯಾರ ನೋಡಿದ್ರು. "ಅಯ್ಯೋ... ನಮ್ಮ ಕೆಂಗೇರಿ ಶೆಡ್ಡಿನ ಹೊಸ ಪ್ರೆಸ್ಸಿಗೂ ಇದೇ ಪ್ರೋಗ್ರಾಂ ಸೀಡಿಯಲ್ಲಿ ಕಳ್ಸಿದೀನಿ. ಮೊನ್ನೆವರೆಗೂ ಇದೇ ಪ್ರೆಸ್ಸು ನಡೆಸ್ತಿದ್ದ ಈರಪ್ಪ ಎರಡೂವರೆಗೆ ಅಲ್ಲಿ ಶುರು ಮಾಡ್ತಾನೆ!"

"ಫೋನ್ ಮಾಡಿ!"

"ರೋಡ್ ಅಗೆದಿದಾರೆ. ಲೈನ್ ಸತ್ತು ವಾರ ಆಯ್ತು. ಈರಪ್ಪನ ಹತ್ರ ಮೊಬೈಲೂ ಇಲ್ಲ."

ಗಂಟೆ ಎರಡು.

ಬೈಕಿಗೆ ಹಾರಿದೆ. ಮಾಗಡಿ ರೋಡು... ವಿಜಯನಗರ... ಸೀಟಿ ಊದಿದ ಪೊಲೀಸಿಗೆ ನನ್ನ ಧೂಳೂ ಸಿಗಲಿಲ್ಲ! ನಾಯಂಡಹಳ್ಳಿಯಲ್ಲಿ ಒಂದು ಬಸ್ಸು ನನ್ನ ಮುಖ ನೋಡೇ ಹೆದರಿ ಪಕ್ಕಕ್ಕೆ ಸರೀತು. (ಅಲ್ಲಿ ಅದರ ಸ್ಟಾಪ್ ಇತ್ತು ಅಂತ ಹೊಟ್ಟೆಕಿಚ್ಚಿನವರು ಹೇಳ್ತಾರೆ.)

ಕೆಂಗೇರಿ. ಎರಡು ಮೂವತ್ತೈದು.

ಒಳಗೆ ಪ್ರೆಸ್ಸು ಬಡೀತಿತ್ತು. ಧಡ್... ಧಡ್...

ಆಮೇಲೆ... ಚಟ್!

ಎಲುಬಿನ ಸದ್ದು.

"ಈರಪ್ಪಾ!" ಮೇನ್ ಸ್ವಿಚ್ಚಿಗೆ ನೇತು ಬಿದ್ದು ಎಳೆದೆ. ಎಲ್ಲ ಸ್ತಬ್ಧ. ಕಣ್ಣು ಬಿಡೋಕೆ ಧೈರ್ಯ ಇರಲಿಲ್ಲ. ನನಗೆ!

"ಯಾಕ್ರಿ ಸರ, ಕರೆಂಟ್ ಯಾಕ ತಗದ್ರಿ?"

ಗದಗಿನ ಈರಪ್ಪ. ಹತ್ತು ಬೆರಳೂ ಇತ್ತು. ಎಣಿಸಿದೆ. ಎರಡು ಸಲ. ಕೈಯಲ್ಲಿ ಅರ್ಧ ಬಿದಿರು ಕೋಲು. ಇನ್ನರ್ಧ ಪ್ರೆಸ್ಸಿನೊಳಗೆ ಚಪ್ಪಟೆ.

"ನಿನ್ನ ಕೈ..."

"ಕೈ ಯಾಕ ಹಾಕ್ಲಿರಿ? ತಗಡು ಕೋಲಿಲೇ ದಬ್ಬತೀನ್ರಿ. ಈ ಬೆಳಕಿನ ಕಣ್ಣು ಮಲಗಿ ಬಿಡ್ತು ನೋಡ್ರಿ, ಅರ್ಧಾ ಕೋಲು ಹೋತು."

"ಭೇಷ್! ಈ ಬುದ್ಧಿ ಯಾವಾಗ ಬಂತು ನಿಂಗೆ?"

ಈರಪ್ಪ ತಲೆ ಕೆರೆದುಕೊಂಡ. "ಹೋದ ದಸರಾಕ್ಕ ನೀವು ಹತ್ತ ನಿಮಿಷದಾಗ ರಿಪೇರಿ ಮಾಡಿದ್ರಲ್ರಿ ಸರ... ಅವತ್ತಿಂದ."

ಜೇಬಲ್ಲಿ ಮೊಬೈಲ್ ಹೊಡ್ಕೊಂತು. ವಿಜಯಶ್ರೀ.

"ಈರಪ್ಪಣ್ಣ?"

"ಬೆರಳು ಹತ್ತೂ ಇದೆ."

ಆ ಕಡೆ ಉಸಿರು ಬಿಟ್ಟದ್ದು ಕೇಳಿಸ್ತು. "ಸಾರ್, ಆ ಹತ್ತು ಸಾಲು ಬರೆದು ಬಾಯಿ ಮುಚ್ಚಿಸಿದವರು ಸಿಕ್ಕಿದ್ರು. ದಸರಾ ತಾರೀಕು ಹಾಕಿ ಹೆಸರೂ ಬರ್ಕೊಂಡಿದಾರೆ. ಓದ್ಲಾ?"

"ಬೇಡ."

"ಪೂರ್ತಿ ಹೆಸರು ಸಾರ್. ಇನಿಷಿಯಲ್ ಸಮೇತ."

"ಬೇಡ ಅಂದ್ನಲ್ಲ! ನಿನ್ನ ರಿಪೋರ್ಟಲ್ಲಿ ನಾಲ್ಕನೇ ಟೂಲ್ ಸೇರಿಸ್ಕೋ. ಬಿದಿರು ಕೋಲು. ಇದೂ ಓಪನ್ ಸೋರ್ಸ್, ಯಾರು ಬೇಕಾದ್ರೂ ಕಡ್ಕೊಬಹುದು."

"ಅದು ಏನನ್ನ ಚೆಕ್ ಮಾಡುತ್ತೆ ಸಾರ್?"

"ನನ್ನನ್ನ."