ಮಾಯವ್ವನ ಕರೆ

ಅಕ್ಕಲಕೋಟೆ ಇನ್ನೂ ಸಂಸ್ಥಾನವಾಗಿದ್ದ ಕಾಲದಲ್ಲಿ ನಾನು ಅಲ್ಲಿನ ತಡವಳ ಎಂಬ ಹಳ್ಳಿಯ ಮನೆಯೊಂದಕ್ಕೆ ಎರಡನೆಯ ಹೆಂಡತಿಯಾಗಿ ಹೋದೆ. ಮೊದಲಿನವಳು, ಮಾಯವ್ವ, ತೀರಿಕೊಂಡಿದ್ದಳು. ಅವಳು ಸಾಕಿದ ಕೋಳಿಗಳು ನಾನೆಷ್ಟು ಕರೆದರೂ ಗೂಡು ಸೇರುತ್ತಿರಲಿಲ್ಲ. ಹಿತ್ತಲಿನ ಬೇಲಿ ಹಾರಿ ಕಾಡುಬೆಕ್ಕಿನ ಬಾಯಿಗೆ ಬೀಳುತ್ತಿದ್ದವು.

“ಅಕಿ ಒಮ್ಮಿ ಕರದ್ರ ಸಾಕು, ಎಲ್ಲಾ ಓಡಿ ಬರ್ತಿದ್ದುವು,” ಎನ್ನುತ್ತಿದ್ದ ನನ್ನ ಗಂಡ. ಕೇಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು.

ಕೊನೆಗೆ ಉಳಿದವನ್ನೆಲ್ಲ ಮಾರಿ, ಅವಳ ಮುಖವನ್ನೇ ಕಾಣದ ಹೊಸ ಕೋಳಿಗಳನ್ನು ಅಕ್ಕಲಕೋಟೆಯ ಸಂತೆಯಿಂದ ತಂದೆ. ಬೇಲಿಗೆ ಜಾಲಿಮುಳ್ಳು ಬಿಗಿದೆ. ಸಂಜೆ ಬೊಗಸೆಯಲ್ಲಿ ಜೋಳ ಹಿಡಿದು ನಿಂತೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಕೈಯಲ್ಲಿದ್ದ ಜೋಳ ಬಾವಿನೀರಿನಲ್ಲಿ ಅದ್ದಿ ತೆಗೆದಂತೆ ತಣ್ಣಗಾಯಿತು. ಕೋಳಿಗಳೆಲ್ಲ ಒಮ್ಮೆಲೇ ಕತ್ತೆತ್ತಿ ನನ್ನ ಬೆನ್ನ ಹಿಂದೆ ನೋಡಿದವು, ಆಮೇಲೆ ಸಾಲಾಗಿ ಗೂಡಿನೊಳಗೆ ಹೋದವು. ನನಗೆ ಯಾವ ಸದ್ದೂ ಕೇಳಿಸಿರಲಿಲ್ಲ.

ಒಳಗಿನಿಂದ ಗಂಡ ಓಡಿ ಬಂದ. ಅವನ ಕಣ್ಣು ತುಂಬಿದ್ದವು.

“ಅಗದಿ ಮಾಯವ್ವ ಕರದಂಗ ಕರದಿ ನೋಡು! ಯಾವಾಗ ಕಲ್ತಿ?”

ಅವನು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು. ನಾನಲ್ಲ ಎನ್ನಲು ಮನಸ್ಸು ಬರಲಿಲ್ಲ.

ಮರುದಿನ ಸಂಜೆಯೂ ಜೋಳ ಹಿಡಿದು, ತುಟಿ ಬಿಗಿದು ನಿಂತೆ. ಕೋಳಿಗಳು ಅಲುಗಲಿಲ್ಲ. ಒಳಗಿನಿಂದ ಗಂಡನ ದನಿ ಕೇಳಿತು:

“ಬಂದೆ ತಡಿ. ಇವತ್ತ ನನ್ನ್ಯಾಕ ಕರಿಯಾಕತ್ತಿ?”