ದನಿ ಹೋದ ಮೇಲೆ ಕೊಂಡ ಗಿಟಾರ್

"ಇದು ನಿಮಗ ಆಗೂದಿಲ್ಲರಿ."

ಅವನು ಹೇಳಿದ್ದು ಅಷ್ಟೇ. ಸುಮನಳ ಕೈಯಲ್ಲಿದ್ದ ಕೆಂಪು ಬೇಸ್ ಗಿಟಾರನ್ನು ತೆಗೆದುಕೊಂಡು ಮತ್ತೆ ಗೋಡೆಯ ಕೊಕ್ಕೆಗೆ ತೂಗುಹಾಕಿಬಿಟ್ಟ!

ಗೋಕಾಕದ ಆ ವಾದ್ಯಗಳ ಅಂಗಡಿಯ ಗಲ್ಲಾದಲ್ಲಿ ಕುಳಿತಿದ್ದ ಮಾಲೀಕನ ಮುಖ ಬಿಗಿಯಿತು.

"ಏ ಸಮ್ಮೇದ, ಗಿರಾಕಿ ತಗೋತೇನಿ ಅಂದ್ರ ನಡುವ ನಿಂದೇನೋ?"

ಸಮ್ಮೇದ ಆ ಅಂಗಡಿಯಲ್ಲಿ ವಾದ್ಯ ರಿಪೇರಿ ಮಾಡುವವನು. ಅವನು ಸುಮನಳನ್ನೇ ನೋಡುತ್ತ ನಿಂತಿದ್ದ. ಅವಳು ಒಳಗೆ ಬಂದು ಬಾಯಿ ತೆರೆದಾಗಿನಿಂದ ಹೀಗೇ ನೋಡುತ್ತಿದ್ದ... ನಂಬಲಾಗದ್ದನ್ನು ಕಂಡವನ ಹಾಗೆ.

"ಯಾಕ ಆಗೂದಿಲ್ಲ?" ಅವಳು ಕೇಳಿದಳು. ಜೋಳದ ಒಣ ರವದಿಯ ಎಲೆ ಉಜ್ಜಿದಂಥ ಪಿಸುದನಿ. ಅವಳಿಗೆ ಈಗ ಇದ್ದದ್ದು ಅದೊಂದೇ ದನಿ.

"ಆಗೂದಿಲ್ಲ ಅಷ್ಟ. ಇನ್ನೊಮ್ಮೆ ಬರ್ರಿ."

ಸುಮನ ಅವನ ಮುಖ ನೋಡಿದಳು. 'ನನ್ನ ಗಂಟಲು ಕೇಳಿ ಹೀಗಂದನೋ... ಅಥವಾ ಮಮದಾಪುರದ ಭೀಮ ಗೀತೆಗಳ ತಂಡದವಳು ಅಂದದ್ದಕ್ಕೋ?' ಮೊದಲು ಊರು ಕೇಳಿ, ಆಮೇಲೆ ಓಣಿ ಕೇಳಿ, ಜಾತಿ ಅಳೆದು, ಆಮೇಲೆ ವಸ್ತು ತೋರಿಸುವವರನ್ನು ಅವಳು ಬೇಕಾದಷ್ಟು ನೋಡಿದ್ದಳು.

ಸಿಟ್ಟು ಬರಬೇಕಿತ್ತು. ಹಿಂದಿನ ಸುಮನ ಆಗಿದ್ದರೆ ಅಂಗಡಿಯ ಹಂಚು ಹಾರಿಸುತ್ತಿದ್ದಳು!

ಏನೂ ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ, ಮಮದಾಪುರದ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತಳು. ಊರು ಬಂದಾಗ ಇಳಿದಳು.

ಒಂದೂವರೆ ವರ್ಷದಿಂದ ಹೀಗೇ ಇತ್ತು.

ಗಂಟಲಲ್ಲಿ ಥೈರಾಯ್ಡ್ ಗಂಟು ಬೆಳೆದಿತ್ತು. ತೆಗೆಯಲೇಬೇಕಿತ್ತು. ದನಿಯ ನರಕ್ಕೆ ಪೆಟ್ಟಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಅವಳೇ ಸಹಿ ಮಾಡಿದ್ದಳು. ಹಾಗೇ ಆಯಿತು. ಹತ್ತೂರಲ್ಲಿ ಬಾಬಾಸಾಹೇಬರ ಜಯಂತಿ ಕಾರ್ಯಕ್ರಮಗಳಲ್ಲಿ ಹಾಡಿದ ಹುಡುಗಿಗೆ ಈಗ ನೀರು ಬೇಕೆಂದು ಕೂಗಲೂ ಆಗದು. ಗೊತ್ತಾಗಿದ್ದ ಸಂಬಂಧವೂ ಮುರಿಯಿತು. "ಬಾಯಿ ಬರಲಾರದ ಸೊಸಿ ಹೆಂಗ?" ಎಂದಿದ್ದರಂತೆ ಬೀಗರು.

ಅವಳು ಅಳಲಿಲ್ಲ. ಪಂಚಾಯಿತಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡಿದಳು, ಮನೆಗೆ ಬಂದಳು, ಉಂಡಳು, ಮಲಗಿದಳು. ತಾಯಿ ಕಾಡವ್ವನಿಗೆ ಅದೇ ಹೆದರಿಕೆ.

"ಒಮ್ಮೆರೆ ಅಳು ಬಾಳಾ..." ಎಂದು ಹೊಲದಿಂದ ಬಂದ ಕೈಯಿಂದಲೇ ಮಗಳ ತಲೆ ಸವರುತ್ತಿದ್ದಳು.

"ಅಳು ಬಂದ್ರ ಅಳ್ತೇನಿ ಯವ್ವಾ."

ಹಾಡಿಗೆ ತಗ್ಗು ಸುರದ ತಳಹದಿ ಕೊಡುವ ಬೇಸ್ ಗಿಟಾರಿನ ವಿಚಾರ ತೆಗೆದದ್ದು ತಂಡದ ಹಿರಿಯ ಸಿದ್ರಾಮ ಕಾಕಾ. "ನಿನ್ನ ದನಿ ಹೋತು ಖರೆ. ತಾಳ ಹೋಗಿಲ್ಲಲ್ಲ? ಸುರ ಹೋಗಿಲ್ಲಲ್ಲ? ತಂಡಕ್ಕ ಬೇಸ್ ಬಾರಸವ್ರ ಯಾರೂ ಇಲ್ಲ. ನೀ ಕಲಿ." ಅವಳು ಹೂಂ ಎಂದಳು. ಉಹೂಂ ಎನ್ನುವುದಕ್ಕೆ ಬೇಕಾದ ಶಕ್ತಿ ಇರಲಿಲ್ಲ, ಅದಕ್ಕೇ ಹೂಂ ಎಂದಳು.

* * *

ಹತ್ತು ದಿನದ ಮೇಲೆ, ಒಂದು ರವಿವಾರ ಮುಂಜಾನೆ, ಸಮ್ಮೇದ ಮಮದಾಪುರದ ಸಮಾಜ ಮಂದಿರದ ಬಾಗಿಲಲ್ಲಿ ನಿಂತಿದ್ದ! ಕೈಯಲ್ಲಿ ತಂಡದ ರಿಪೇರಿಯಾದ ಸ್ಪೀಕರ್ ಡಬ್ಬಿ.

ಅವಳನ್ನು ಕಂಡವನೇ ಡಬ್ಬಿ ಕೆಳಗಿಟ್ಟ.

"ಆ ಗಿಟಾರಿನ ನೆಕ್ ತಿರುಚಿತ್ತರಿ," ಎಂದ, ನಮಸ್ಕಾರವೂ ಇಲ್ಲದೆ.

"ಏನು?"

"ನೆಕ್ ಅಂದ್ರ ಈ ಉದ್ದನ ಕಟಗಿ ಹಿಡಿಕಿ. ಅದು ಬಾಗಿದ್ರ ಒಳಗಿನ ಕಬ್ಬಿಣದ ಸಳಿ ತಿರುವಿ ಸರಿ ಮಾಡಬಹುದು. ತಿರುಚಿದ್ರ ಏನೂ ಮಾಡಾಕ ಬರೂದಿಲ್ಲ. ಮಾಲಕರು ಎರಡ ವರ್ಷದಿಂದ ಅದನ್ನ ಯಾರಿಗರೆ ದಾಟಸಾಕ ನೋಡಾಕತ್ತಾರ. ಅವರ ಮುಂದ ಹೇಳಿದ್ರ ನನ್ನ ಕೆಲಸ ಹೋಗ್ತಿತ್ತು. ಹೇಳದಿದ್ರ ನಿಮ್ಮ ರೊಕ್ಕ ಹೋಗ್ತಿತ್ತು."

ಒಂದೇ ಉಸಿರಿಗೆ ಹೇಳಿ ಮುಗಿಸಿ ಬೆವರು ಒರೆಸಿಕೊಂಡ.

ಸುಮನ ಒಂದು ವಿಷಯ ಗಮನಿಸಿದಳು. ಅವಳ ಪಿಸುದನಿ ಕೇಳಿದವರು ಸಾಮಾನ್ಯವಾಗಿ, ಅವಳಿಗೆ ಕಿವಿಯೇ ಕೇಳಿಸದೇನೋ ಎಂಬಂತೆ ಕಿರುಚಿ ಮಾತಾಡುತ್ತಾರೆ. ಇವನು ತನ್ನ ದನಿಯನ್ನು ಅವಳ ದನಿಯಷ್ಟಕ್ಕೇ ಇಳಿಸಿದ್ದ.

"ಮತ್ತ ಯಾವುದು ತಗೋಬೇಕ್ರಿ?" ಎಂದಳು. "ಹದಿನೈದು ಸಾವಿರದ ಮ್ಯಾಲ ನಂಗ ಆಗೂದಿಲ್ಲ."

"ಅಷ್ಟರಾಗ ಹೊಸಾದ ಬರ್ತಾವ. ಎಲ್ಲಾನೂ ಗಿಟಾರಕ್ಕ ಹಾಕಿದ್ರ ಸದ್ದು ಏರಿಸೂ ಆಂಪ್ ಎಲ್ಲಿಂದ ತರ್ತೀರಿ? ಆಂಪ್ ಇಲ್ಲಂದ್ರ ಬೇಸ್ ಮೂಕ ಇದ್ದಂಗ..."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನ ಮುಖ ಸಣ್ಣದಾಯಿತು. ಸುಮನಳಿಗೆ ಏನೂ ಅನ್ನಿಸಲಿಲ್ಲ.

"ಹೇಳ್ರಿ ಮುಂದ," ಎಂದಳು.

"ಹುಕ್ಕೇರಿಯಾಗ ಒಬ್ರ ಕಡೆ ಹಳೇದೊಂದು ಐತಿ. ನೋಡೂಣ ಬರ್ತೀರೇನ್ರಿ?"

* * *

ಹುಕ್ಕೇರಿಯ ಶಿವಾನಂದ ಮೊದಲು ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುತ್ತಿದ್ದವರು. ಈಗ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ಗಿರಣಿಯ ಹಿಂದಿನ ಕೋಣೆಯಿಂದ ಅವರು ತಂದ ಕಂದು ಬಣ್ಣದ ಗಿಟಾರಿನ ಮೇಲೆಲ್ಲ ಹಿಟ್ಟಿನ ಧೂಳು ಕೂತಿತ್ತು.

ಆ ಕೆಂಪು ಗಿಟಾರಿನ ಮುಂದೆ ಇದು ಏನೂ ಅಲ್ಲ, ಅನ್ನಿಸಿತು ಸುಮನಳಿಗೆ.

"ಬಣ್ಣ ನೋಡಬ್ಯಾಡ್ರಿ," ಎಂದ ಸಮ್ಮೇದ. "ಹಿಂಗ ಬಂದೂಕು ಹಿಡದಂಗ ಹಿಡದು, ನೆಕ್ಕಿನ ಉದ್ದಕ್ಕ ಕಣ್ಣ ಹಾಯಸ್ರಿ. ಎರಡೂ ಅಂಚು ಒಂದ ಸಮ ಕಾಣಸ್ತಾವ?"

"ಕಾಣಸ್ತಾವ."

"ಈಗ ಪಟ್ಟಿಗಳ ನಡುವಿನ ಒಂದೊಂದ ಮನಿ ಒತ್ತಿ ತಂತಿ ಮೀಟ್ರಿ. ಎಲ್ಲೆರೆ ಗರ್ ಅಂತೈತೇನು ಕೇಳ್ರಿ."

ಅವಳು ನಾಲ್ಕೂ ತಂತಿಗಳ ಮೇಲೆ ಬೆರಳು ಸರಿಸುತ್ತ ಹೋದಳು. ಒಂದು ಕಡೆ ಮಾತ್ರ ಸಣ್ಣಗೆ ಗರಗರ ಎಂದಿತು. "ಅದು ತಂತಿ ಹಳೇದು, ಬದಲಿಸಿದ್ರ ಹೋಗ್ತೈತಿ," ಎಂದ. ಬೆಲ್ಟು ಹಾಕಿಸಿ, ಎಡಗೈ ಬಿಡಲು ಹೇಳಿದ. ನೆಕ್ ಕೆಳಗೆ ಜೋತು ಬೀಳಲಿಲ್ಲ, ಇದ್ದಲ್ಲೇ ನಿಂತಿತು. "ಚೊಲೋ. ಬೀಳೂದಿದ್ರ ಎರಡ ತಾಸು ನಿಂತ ಬಾರಸೂದ್ರಾಗ ಹೆಗಲು ಸೋತು ಹೋಗ್ತಾವ. ಇದು ಉದ್ದಾನೂ ಸ್ವಲ್ಪ ಕಡಿಮಿ. ನಿಮ್ಮ ಕೈಗೆ ಸರಿ ಐತಿ."

ಆಂಪಿಗೆ ಜೋಡಿಸಿ ನೋಡಬೇಕೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ನಿಂತು ಊರೇ ನಿಶ್ಶಬ್ದವಾದಂತಾಯಿತು.

ಸಮ್ಮೇದ ಒಂದು ಸ್ಟೂಲು ಎಳೆದಿಟ್ಟ. "ಕುಂಡ್ರಿ. ಗಿಟಾರಿನ ಈ ಮ್ಯಾಲಿನ ಕೊಂಬಿನ ಮ್ಯಾಲ ಗದ್ದ ಇಡ್ರಿ. ಗಟ್ಟಿ ಒತ್ರಿ. ಈಗ ದಪ್ಪ ತಂತಿ ಮೀಟ್ರಿ."

ಅವಳು ಹಾಗೇ ಮಾಡಿದಳು.

ಸದ್ದು ಕಿವಿಯಿಂದ ಬರಲಿಲ್ಲ. ಗದ್ದದ ಎಲುಬಿನಿಂದ ಒಳಗೆ ಹತ್ತಿ, ಹಲ್ಲಿನ ಬುಡ ನಡುಗಿಸಿ, ಗಂಟಲಿಗೆ ಇಳಿಯಿತು. ಆಪರೇಷನ್ನಿನ ಗಾಯದ ಹಿಂದೆ, ಒಂದೂವರೆ ವರ್ಷದಿಂದ ಏನೂ ಅಲುಗಾಡದಿದ್ದ ಆ ಜಾಗದಲ್ಲಿ... ಗುಂಯ್ ಎಂದಿತು!

ಮತ್ತೊಮ್ಮೆ ಮೀಟಿದಳು. ಮತ್ತೊಮ್ಮೆ.

ಅದನ್ನು ಖುಷಿ ಎನ್ನಲಾಗದು. ಬಹಳ ಹೊತ್ತು ಮಡಚಿ ಕುಳಿತ ಕಾಲು ಜೋಮು ಬಿಡುವಾಗ ಮೊದಲ ಸೂಜಿ ಚುಚ್ಚುತ್ತದಲ್ಲ, ಅಂಥದ್ದು.

"ಏನಾತ್ರಿ?" ಸಮ್ಮೇದ ಗಾಬರಿಯಾದ.

"ಇದನ್ನ ಕೊಡ್ರಿ," ಎಂದಳು ಸುಮನ, ಗದ್ದ ತೆಗೆಯದೆ.

* * *

ಆಮೇಲೆ ಪ್ರತಿ ರವಿವಾರ ಸಮ್ಮೇದ ಹುಕ್ಕೇರಿ ತಾಲೂಕಿನ ತನ್ನೂರು ಕಣಗಲಾದಿಂದ ಬಂದು ಸಮಾಜ ಮಂದಿರದಲ್ಲಿ ಕಲಿಸಿದ. ಅವಳ ಬೆರಳ ತುದಿಗಳು ಗುಳ್ಳೆಯೆದ್ದು ಗಟ್ಟಿಯಾದವು. ಅವನು ಹೆಚ್ಚು ಮಾತಾಡುವವನಲ್ಲ. ಅವಳಂತೂ ಸರಿಯೇ ಸರಿ. ಇಬ್ಬರ ನಡುವೆ ಇದ್ದದ್ದು ತಂತಿಗಳ ಸದ್ದು, ಕಾಡವ್ವ ಕಳಿಸಿದ ಚಹಾ.

ಮಾರ್ಚ್ ತಿಂಗಳಲ್ಲಿ ಒಂದು ರವಿವಾರ ಅವನು ಬರುವುದು ತಡವಾಯಿತು. ಅವಳು ಮೂರು ಸಲ ಬಾಗಿಲಿಗೆ ಹೋಗಿ ರಸ್ತೆ ನೋಡಿದಳು. ಮೂರನೇ ಸಲ ತನಗೇ ಆಶ್ಚರ್ಯವಾಯಿತು. 'ನಾನು ಕಾಯುತ್ತಿದ್ದೇನೆಯೇ?'

ಅದನ್ನು ಕಂಡ ಸಿದ್ರಾಮ ಕಾಕಾ ನಕ್ಕರು.

"ಬರ್ತಾನ ತಂಗಿ, ಬರದ ಎಲ್ಲಿ ಹೋಗ್ತಾನ! ಮೂರ ವರ್ಷದ ಹಿಂದ ಮೂಡಲಗಿ ಕಾರ್ಯಕ್ರಮದಾಗ ಸೌಂಡ್ ನೋಡ್ಕೊಂಡಾಂವ ಅವನ. ನಿನ್ನ ಹಾಡು ಮೊಬೈಲಿನ್ಯಾಗ ತುಂಬ್ಕೊಂಡಾನ. ಇನ್ನೂ ಅಳಸಿಲ್ಲಂತ!"

ಕಾಕಾ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಸುಮನಳ ಒಳಗೆ ಏನೋ ತಣ್ಣಗಾಯಿತು.

'ಹಾಗಾದರೆ ಅಂಗಡಿಯಲ್ಲಿ ನನ್ನನ್ನು ಹಾಗೆ ನೋಡಿದ್ದು ಅದಕ್ಕೇ! ಅವನಿಗೆ ಬೇಕಿರುವುದು ಆ ದನಿ. ಆ ದನಿ ಸತ್ತಿದೆ. ನಾನು ಅದರ ಖಾಲಿ ಡಬ್ಬಿ. ಡಬ್ಬಿಯ ಮೇಲಿನ ಕನಿಕರಕ್ಕೆ ಪ್ರತಿ ವಾರ ಬರುತ್ತಾನೆ...'

ಆ ದಿನ ಅವನು ಬರುವ ಮೊದಲೇ ಅವಳು ಮನೆಗೆ ಹೊರಟುಹೋದಳು. ಸಂಜೆ ಮೊಬೈಲಿನಲ್ಲಿ ಮೂರು ಮಾತು ಬರೆದಳು. "ಕಲತದ್ದಾತು. ಸಾಕು. ಇನ್ನ ಬರಬ್ಯಾಡ್ರಿ."

ಅವನು ಓದಿದ ಗುರುತು ಕಾಣಿಸಿತು. ಉತ್ತರ ಬರಲಿಲ್ಲ.

ಮತ್ತೆ ಜೋಮು ಹತ್ತಿತು. ಪಂಚಾಯಿತಿ, ಮನೆ, ಊಟ, ನಿದ್ದೆ. ಬೇಸ್ ಮಾತ್ರ ಬಿಡಲಿಲ್ಲ. ದಿನಾ ಒಂದು ತಾಸು, ಗೋಡೆಗೆ ಮುಖ ಮಾಡಿ.

* * *

ಏಪ್ರಿಲ್ ಹದಿನಾಲ್ಕು. ಮೂಡಲಗಿಯಲ್ಲಿ ಬಾಬಾಸಾಹೇಬರ ಜಯಂತಿ. ಸಂಜೆ ಐದಕ್ಕೂ ನೆಲ ಕಾದೇ ಇತ್ತು. ವೇದಿಕೆ ಹತ್ತಿದಾಗ ಸುಮನ ಎದುರಿಗೆ ನೋಡಿದಳು. ಸೌಂಡ್ ಮೇಜಿನ ಹಿಂದೆ ಸಮ್ಮೇದ ಕುಳಿತಿದ್ದ.

ಕಾಕಾರ ಮಗಳು ನಂದಿನಿ ಮೈಕು ಹಿಡಿದಳು. ಒಂದು ಕಾಲದಲ್ಲಿ ಸುಮನ ಹಾಡುತ್ತಿದ್ದ ಹಾಡು! ಎರಡನೇ ಸಾಲಿಗೇ ಹುಡುಗಿ ಹೆದರಿ ತಾಳ ತಪ್ಪಿದಳು, ದನಿ ನಡುಗಿತು. ಢೋಲಕಿಯವನೂ ಗೊಂದಲಗೊಂಡ.

ಸುಮನ ಅವಳ ಹಿಂದೆ ಎರಡು ಹೆಜ್ಜೆ ಬಂದು ನಿಂತು ದಪ್ಪ ತಂತಿಯನ್ನು ಗಟ್ಟಿಯಾಗಿ ಮೀಟಿದಳು. ಒಂದೇ ಸುರ, ಹೆಜ್ಜೆ ಹಾಕಿದಂತೆ. ಬಾ... ಬಾ... ನಾನಿದ್ದೇನೆ...

ಸಮ್ಮೇದ ಬೇಸಿನ ಸದ್ದು ಏರಿಸಿದ. ವೇದಿಕೆಯ ಹಲಗೆಗಳ ಮೂಲಕ ಅದು ನಂದಿನಿಯ ಅಂಗಾಲಿಗೆ ಮುಟ್ಟಿರಬೇಕು. ಹುಡುಗಿ ಉಸಿರೆಳೆದುಕೊಂಡು ಮತ್ತೆ ತಾಳಕ್ಕೆ ಕೂಡಿದಳು. ಜನ ಚಪ್ಪಾಳೆ ಹೊಡೆದರು, ಸಿಳ್ಳೆ ಹಾಕಿದರು.

ಆ ಚಪ್ಪಾಳೆ ಸುಮನಳಿಗಲ್ಲ. ಆದರೂ ಅವಳು ಹಾಡು ಮುಗಿಯುವವರೆಗೆ ನಂದಿನಿಯ ಹಿಂದೆಯೇ ನಿಂತು ಬಾರಿಸಿದಳು.

ಕಾರ್ಯಕ್ರಮ ಮುಗಿದ ಮೇಲೆ ಅವಳು ನೇರವಾಗಿ ಸೌಂಡ್ ಮೇಜಿಗೆ ಹೋದಳು.

"ಆ ಹಾಡು ಹಚ್ರಿ."

"ಯಾವುದ್ರಿ?"

"ನಿಮ್ಮ ಮೊಬೈಲಿನ್ಯಾಗ ಇದ್ದದ್ದು. ನನ್ನದು."

ಸಮ್ಮೇದ ಅವಳನ್ನು ನೋಡಿದ. ಮೊಬೈಲ್ ಅವಳ ಕಿವಿಯ ಬಳಿ ಹಿಡಿದ.

ತುಂಬಿದ, ಬಿಚ್ಚಿದ ಆ ದನಿ... ಬೇರೆ ಯಾರದೋ ಎಂಬಂತೆ ಕೇಳಿದಳು. ಹಾಡು ಮುಗಿಯಿತು. ರೆಕಾರ್ಡು ನಿಲ್ಲಲಿಲ್ಲ. ಕುರ್ಚಿ ಎಳೆದ ಸದ್ದು. ಆಮೇಲೆ ಅದೇ ಹುಡುಗಿ, ಈಗ ಮಾತಿನಲ್ಲಿ: "ಏ ಅಣ್ಣಾರ, ವೈರ್ ಹಿಂಗ ಸುತ್ತಿದ್ರ ಒಳಗ ಕಡಿತಾವ. ತರ್ರಿ ಇಲ್ಲೆ, ನಾ ಸುತ್ತತೇನಿ. ಉಂಡೀರಿಲ್ಲ? ಅಯ್ಯ, ಸೌಂಡಿನವ್ರಿಗೆ ಯಾರೂ ಊಟಾನ ಕೇಳಿಲ್ಲ! ಕಾಕಾ, ಎರಡ ತಾಟು ಇಲ್ಲೆ ಕಳಸ್ರಿ!"

"ಹಾಡು ನಾಲ್ಕ ಮಿನಿಟ್ ಐತಿ," ಎಂದ ಸಮ್ಮೇದ, ನೆಲ ನೋಡುತ್ತ. "ಇದು ಏಳ ಮಿನಿಟ್. ನಾ ಕೇಳೂದು ಇದನ್ನ. ಹಾಡಿದವ್ರು ಹಾಡಿ ಗಾಡಿ ಹತ್ತಿ ಹೋಗ್ತಾರ್ರಿ. ವೈರ್ ಸುತ್ತಾಕ ಯಾರೂ ಇಳಿದ ಬರೂದಿಲ್ಲ."

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ದನಿ ಸಲುವಾಗಿ ಬಂದಾನ ಅಂತೀರಿ ಅಂತ ಹೆದರಿದೆ. ನೀವು ಬರಬ್ಯಾಡ ಅಂದ್ರಿ. ಅದಕ್ಕೂ ಹೆದರಿದೆ." ಅವನು ಮೊಬೈಲ್ ಜೇಬಿಗಿಟ್ಟ. "ನೀವಂದ್ರ ನಂಗ ಜೀವರಿ. ಅಷ್ಟ ಗೊತ್ತು."

ಸುಮನಳ ಕೆನ್ನೆ ಬಿಸಿಯಾಯಿತು. ಮುಟ್ಟಿ ನೋಡಿದಳು... ಒದ್ದೆ! ಒಂದೂವರೆ ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಸದ್ದಿಲ್ಲದ ಅಳು, ಹೆಗಲು ಮಾತ್ರ ಅಲುಗುತ್ತಿತ್ತು. ಅವನು ಸಮಾಧಾನ ಹೇಳಲಿಲ್ಲ. ಜನರಿಗೆ ಕಾಣದಂತೆ ಅವಳ ಮುಂದೆ ಅಡ್ಡ ನಿಂತುಕೊಂಡ.

ಬಹಳ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡಳು.

"ನಂಗಿನ್ನೂ ಪೂರಾ ನೆಟ್ಟಗಾಗಿಲ್ಲರಿ. ಒಂದೊಂದ ದಿನ ಕಲ್ಲಿನಂಗ ಇರ್ತೇನಿ. ಆವತ್ತ ನಿಮ್ಮ ಜೋಡಿ ಮಾತೂ ಆಡೂದಿಲ್ಲ."

"ಆವತ್ತ ನಾನೂ ಬಾಜೂಕ ಸುಮ್ಮ ಕುಂಡರ್ತೇನಿ."

"ಮನ್ಯಾಗ? ನಿಮ್ಮವ್ವಾರು?"

"ಹೇಳೇನಿ. ನಾಕ ದಿನ ಆತು, ನನ್ನ ಜೋಡಿ ಮಾತ ಬಿಟ್ಟಾಳ. ಜೈನ ಮನಿಯಾಗ ಇದೆಲ್ಲಾ ಸರಳ ಇಲ್ಲರಿ. ಆದ್ರೂ ದಿನಾ ಹೇಳ್ತೇನಿ."

ನಮ್ಮ ಮನೆಯಲ್ಲೂ ಪ್ರಶ್ನೆ ಏಳುತ್ತದೆ, ಕಾಕಾರೂ ಹತ್ತು ಮಾತು ಕೇಳುತ್ತಾರೆ ಎಂದುಕೊಂಡಳು ಸುಮನ. ಹಾಗೆ ಅಂದುಕೊಂಡಾಗ ಹೆದರಿಕೆಯಾಯಿತು. ಹೆದರಿಕೆಯಾದದ್ದು ತಿಳಿಯಿತಲ್ಲ ಎಂದು ಬೆರಗೂ ಆಯಿತು.

"ನಾಳೆ ಕಣಗಲಾಕ್ಕ ನಾನೂ ಬರ್ತೇನಿ," ಎಂದಳು.

"ಬ್ಯಾಡ್ರಿ! ಬೈತಾಳ."

"ಬೈಲಿ. ತಿರುಗಿ ಬೈಯಾಕ ನಂಗ ದನಿ ಎಲ್ಲಿ ಐತಿ?"

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಅವಳ ತುಟಿಯೂ ಒಂದು ಎಳೆಯಷ್ಟು ಅರಳಿತು.

"ಮುಂಜಾನೆ ಬಸ್ಸಿಗೆ ಬರ್ತೇನಿ," ಎಂದಳು. "ಸ್ಟ್ಯಾಂಡಿನಾಗ ನಿಂತಿರು."

'ನಿಂತಿರ್ರಿ' ಎನ್ನಲಿಲ್ಲ. ಅದು ಅವನಿಗೆ ಕೇಳಿಸಿತು.

"ನಿಂತಿರ್ತೇನಿ, ಸುಮನ," ಎಂದ, ಅವಳ ದನಿಯಷ್ಟೇ ಮೆಲ್ಲಗೆ.